ಬೆಂಡ್ ಪೈಪಿಗೆ ಹೀಟ್ ರ‍್ಯಾಪ್: ಮಾರ್ಚ್‌ನಿಂದ ನವೆಂಬರ್‌ವರೆಗೆ

ಗಾಡಿ: ಬುಲೆಟ್ 350, ಯುಸಿಇ ಎಂಜಿನ್ (ಎಂಜಿನ್ನೂ ಗೇರ್ ಬಾಕ್ಸೂ ಒಂದೇ ಕವಚದಲ್ಲಿರುವುದು), ಕಾರ್ಬ್ಯುರೇಟರ್ ಮಾಡೆಲ್.
ಓಡಾಟ: ತುಮಕೂರು ಊರೊಳಗೆ, ಕೆಲಸಕ್ಕೆ ವಸಂತನರಸಾಪುರ, ಭಾನುವಾರ ಮನಸ್ಸಾದರೆ ದೇವರಾಯನದುರ್ಗ.
ತೊಂದರೆ: ಬಲಗಾಲಿನ ಮೀನಖಂಡಕ್ಕೆ ಬಿಸಿ.
ಮಾಡಿದ್ದು: ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿಗೆ ಬಿಸಿ ತಡೆಯುವ ಪಟ್ಟಿ (ಹೀಟ್ ರ‍್ಯಾಪ್) ಸುತ್ತಿದ್ದು.

ಹೈವೇಯಲ್ಲಿ 60ರಲ್ಲಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಬಿಸಿಯನ್ನೆಲ್ಲ ಗಾಳಿ ಹೊಡೆದುಕೊಂಡು ಹೋಗುತ್ತದೆ. ಬಟವಾಡಿಯಲ್ಲೋ ಟೌನ್ ಹಾಲ್ ಸರ್ಕಲ್‌ನಲ್ಲೋ ನಿಂತಾಗ ಶುರುವಾಗುತ್ತದೆ. ಪ್ಯಾಂಟಿನ ಬಟ್ಟೆ ಬಿಸಿಯಾಗಿ ಚರ್ಮಕ್ಕೆ ಅಂಟುತ್ತದೆ, ಮಂಡಿಯನ್ನು ಹೊರಗೆ ಚಾಚಿಕೊಂಡು ನಿಲ್ಲಬೇಕು. ದೇವರಾಯನದುರ್ಗದ ಏರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸೆಕೆಂಡ್ ಗೇರಿನಲ್ಲಿ ಹತ್ತಿದರೆ ಇನ್ನೂ ಜಾಸ್ತಿ. ಇಳಿಯುವಾಗ ಬೆಂಡ್ ಪೈಪಿಗೆ ಕಾಲು ತಾಗಿ ಬೊಬ್ಬೆ ಎದ್ದದ್ದೂ ಉಂಟು.

ಮೊದಲೇ ಹೇಳಿಬಿಡುತ್ತೇನೆ: ಈಗ ನನ್ನ ಗಾಡಿಯ ಮೇಲೆ ರ‍್ಯಾಪ್ ಇಲ್ಲ. ಆದರೆ ಸುಮ್ನೆ ದುಡ್ಡು ದಂಡ ಆಯಿತು ಅಂತಲೂ ಅಲ್ಲ. ಆದದ್ದನ್ನು ಆದ ಹಾಗೆ ಬರೆದಿದ್ದೇನೆ, ಸುತ್ತಬೇಕು ಅಂತ ಇರುವವರಿಗೆ ಬೇಕಾಗುತ್ತದೆ.

1. ಮಾರ್ಚ್: ಅಳತೆ

ಏನಾದರೂ ಮಾಡುವ ಮೊದಲು ಈಗ ಎಷ್ಟು ಬಿಸಿ ಇದೆ ಅಂತ ನೋಡೋಣ ಎಂದುಕೊಂಡೆ. ಕೆಲಸದ ಜಾಗದಲ್ಲಿ ಮೇಂಟೆನೆನ್ಸ್‌ನವರ ಹತ್ತಿರ ಇನ್‌ಫ್ರಾರೆಡ್ ಗನ್ (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಸಾಧನ) ಇತ್ತು. ಒಂದು ಭಾನುವಾರಕ್ಕೆ ಅಂತ ಕೇಳಿ ತಂದೆ. ಕ್ಯಾತ್ಸಂದ್ರದ ಕಡೆ ಹತ್ತು ಕಿಲೋಮೀಟರ್ ಓಡಿಸಿ ಬಂದು, ನಿಲ್ಲಿಸಿ, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಿಂದ ಅರ್ಧ ಅಡಿ ಕೆಳಗೆ ಬೆಂಡ್ ಪೈಪಿಗೆ ಹಿಡಿದೆ. 95 ಡಿಗ್ರಿ ತೋರಿಸಿತು.

ಅದು ಸಾಧ್ಯವೇ ಇಲ್ಲ. ಪೈಪಿನ ಮೇಲೆ ನೀರು ಚಿಮುಕಿಸಿದರೆ ಹನಿ ನಿಲ್ಲದೆ ಸಿಡಿದು ಹಾರುತ್ತಿತ್ತು. 95ರಲ್ಲಿ ಹಾಗಾಗುವುದಿಲ್ಲ. ಗನ್ ಕೆಟ್ಟಿದೆ ಅಂದುಕೊಂಡು ಕುದಿಯುವ ನೀರಿಗೆ ಹಿಡಿದು ನೋಡಿದೆ, ಸರಿಯಾಗಿಯೇ ತೋರಿಸಿತು.

ತೊಂದರೆ ಇರುವುದು ಕ್ರೋಮ್‌ನಲ್ಲಿ. ಈ ಗನ್ ಅಳೆಯುವುದು ಮೇಲ್ಮೈಯಿಂದ ಹೊರಬರುವ ಶಾಖದ ಕಿರಣವನ್ನು. ಕಪ್ಪಗೆ, ಒರಟಾಗಿರುವ ಮೇಲ್ಮೈ ಅದನ್ನು ಚೆನ್ನಾಗಿ ಬಿಡುತ್ತದೆ. ಹೊಳೆಯುವ ಕ್ರೋಮ್ ಬಹಳ ಕಡಿಮೆ ಬಿಡುತ್ತದೆ. ಅಗ್ಗದ ಗನ್‌ಗಳು ಎಲ್ಲವನ್ನೂ ಕಪ್ಪು ಅಂತಲೇ ಲೆಕ್ಕ ಹಾಕುವುದರಿಂದ ಹೊಳೆಯುವ ಪೈಪಿಗೆ ತೀರಾ ಕಡಿಮೆ ಅಂಕಿ ಬರುತ್ತದೆ. ಬೈಕ್ ಸೈಲೆನ್ಸರಿನ ಕಪ್ಪು ಹೀಟ್ ಪೇಂಟ್ ಸ್ಪ್ರೇ ತಂದು, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಬಣ್ಣ ಹೊಡೆದೆ. ಒಣಗಿದ ಮೇಲೆ ಮತ್ತೆ ಅದೇ ದೂರ ಓಡಿಸಿ ಬಂದು ಅದೇ ಪೈಪ್ ನೋಡಿದರೆ, ಕ್ರೋಮ್ ಮೇಲೆ 95, ಪಕ್ಕದ ಕಪ್ಪು ಚುಕ್ಕೆಯ ಮೇಲೆ 265.

ಇದನ್ನು ಉದ್ದ ಬರೆಯಲು ಕಾರಣ ಇದೆ. ರ‍್ಯಾಪ್ ಒರಟು ಬಟ್ಟೆ, ಅದರ ಮೇಲೆ ಗನ್ ನಿಜವಾದ ಅಂಕಿ ತೋರಿಸುತ್ತದೆ. ಕ್ರೋಮ್ ಪೈಪನ್ನೂ ಸುತ್ತಿದ ಪೈಪನ್ನೂ ಇದೇ ಗನ್‌ನಲ್ಲಿ ಹೋಲಿಸಿದರೆ ಸುತ್ತಿದ ಮೇಲೆ ಬಿಸಿ ಜಾಸ್ತಿಯಾಯಿತು ಅಂತ ಬರುತ್ತದೆ! ಅದನ್ನು ನಂಬಿ ಬಿಚ್ಚಿ ಬಿಸಾಕಿದವರು ಇರಬಹುದು.

ಆಮೇಲೆ ನನಗೆ ಬೇಕಾದದ್ದು ಪೈಪಿನ ಬಿಸಿ ಅಲ್ಲ, ಕಾಲಿನ ಬಿಸಿ. ಅದಕ್ಕೆ ಮಲ್ಟಿಮೀಟರಿಗೆ ಹಾಕುವ ಕೆ-ಟೈಪ್ ಥರ್ಮೋಕಪಲ್ ವೈರ್ (ತುದಿ ಇಟ್ಟ ಜಾಗದ ಬಿಸಿ ಅಳೆಯುವ ವೈರ್) ಒಂದು ತಂದೆ. ವೈರಿನ ತುದಿಯನ್ನು ಪ್ಯಾಂಟಿನ ಹೊರಗೆ, ಮೀನಖಂಡದ ನೇರಕ್ಕೆ ಟೇಪಿನಲ್ಲಿ ಅಂಟಿಸಿಕೊಂಡೆ. ಓಡಿಸಿ ಬಂದು, ಸಿಗ್ನಲ್ಲಿನಲ್ಲಿ ನಿಂತ ಹಾಗೆ ಗಾಡಿ ಮೇಲೆ ಕೂತು, ಐದು ನಿಮಿಷ ಆಕ್ಸಿಲರೇಟರ್ ಕೊಡದೆ ಎಂಜಿನ್ ಐಡಲ್ ಬಿಟ್ಟೆ. ನೆರಳಿನ ಗಾಳಿ 33 ಡಿಗ್ರಿ, ಕಾಲಿನ ಹತ್ತಿರ 58. ನವೆಂಬರಿನದು ಬಿಟ್ಟು ಮುಂದಿನ ಎಲ್ಲಾ ಅಳತೆಯೂ ಇದೇ ಕ್ರಮದಲ್ಲಿ, ಗಾಳಿ 32-34 ಇದ್ದಾಗ ಮಾತ್ರ.

2. ಮಾರ್ಚ್ ಕೊನೆ: 2 ಇಂಚಿನ ಗ್ಲಾಸ್ ಫೈಬರ್. ಆಗಲಿಲ್ಲ

ಆನ್‌ಲೈನಿನಲ್ಲಿ ಸಿಕ್ಕ ಕಿಟ್. ಗ್ಲಾಸ್ ಫೈಬರ್ ಪಟ್ಟಿ, 2 ಇಂಚು ಅಗಲ, 5 ಮೀಟರ್ ಉದ್ದ, ನಾಲ್ಕು ಸ್ಟೀಲ್ ಜಿಪ್ ಟೈ. 450 ರೂಪಾಯಿ. ಪೈಪ್ ಬಿಚ್ಚುವುದೇಕೆ, ಗಾಡಿಯಲ್ಲಿ ಇದ್ದ ಹಾಗೇ ಸುತ್ತೋಣ ಅಂತ ಕೂತೆ.

ನೆಟ್ಟಗಿರುವ ಜಾಗದಲ್ಲಿ ಚೆನ್ನಾಗಿ ಕೂತಿತು. ಹೆಡ್‌ನಿಂದ ಹೊರಬಂದು ಪೈಪ್ ಕೆಳಕ್ಕೆ ತಿರುಗುವ ಜಾಗದಲ್ಲಿ ಎಲ್ಲಾ ಕೆಟ್ಟಿತು. ಬೆಂಡಿನ ಒಳಮಗ್ಗುಲಲ್ಲಿ ಪಟ್ಟಿ ಮಡಿಕೆ ಮಡಿಕೆಯಾಗಿ ಗುಡ್ಡೆಯಾಯಿತು. ಹೊರಮಗ್ಗುಲಲ್ಲಿ ಸುತ್ತಿನ ಮಧ್ಯೆ ಪೈಪ್ ಇಣುಕುತ್ತಿತ್ತು. 38 ಮಿ.ಮೀ. ಪೈಪಿಗೆ 50 ಮಿ.ಮೀ. ಪಟ್ಟಿ ದೊಡ್ಡದಾಯಿತು. 2 ಇಂಚು ಕಾರಿನ ದಪ್ಪ ಪೈಪಿಗೆ ಸರಿ, ಬೈಕಿಗೆ 1 ಇಂಚೇ ಬೇಕು. ಇನ್ನೊಂದು, ಗಾಡಿಯಲ್ಲೇ ಸುತ್ತುವಾಗ ಪೈಪಿಗೂ ಫ್ರೇಮಿಗೂ ಮಧ್ಯೆ ಕೈ ತೂರುವುದಿಲ್ಲ. ಸುರುಳಿಯನ್ನು ಆಚೆಯಿಂದ ಈಚೆಗೆ ದಾಟಿಸುವಾಗ ಪ್ರತಿ ಸುತ್ತಿಗೂ ಬಿಗಿ ಹೋಗುತ್ತದೆ.

ಗ್ಲಾಸ್ ಫೈಬರ್ ಮುಟ್ಟಿದ್ದಕ್ಕೆ ಎರಡು ಕೈಗೂ ಮೊಣಕೈವರೆಗೆ ತುರಿಕೆ. ಕಣ್ಣಿಗೆ ಕಾಣದ ಗಾಜಿನ ಎಳೆ ಚರ್ಮಕ್ಕೆ ಚುಚ್ಚಿಕೊಂಡಿರುತ್ತದೆ. ಬಿಸಿನೀರು ಹಾಕಬೇಡಿ, ಉಜ್ಜಲೂ ಬೇಡಿ. ಅಗಲದ ಟೇಪನ್ನು ಚರ್ಮಕ್ಕೆ ಅಂಟಿಸಿ ಕಿತ್ತರೆ ಎಳೆ ಬರುತ್ತದೆ, ಆಮೇಲೆ ತಣ್ಣೀರು ಸೋಪು. ಆ ದಿನ ಹಾಕಿದ್ದ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ಒಗೆಯಬೇಡಿ. ಮುಂದಿನ ಸಲ ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್, ಮೂರೂ ಇದ್ದವು.

ಸುತ್ತಿದ್ದನ್ನು ನೋಡಿದ ನಮ್ಮ ಮೆಕ್ಯಾನಿಕ್ ನಕ್ಕರು. "ಇದೆಲ್ಲಾ ಯಾಕ್ ಸಾರ್? ಆಸ್ಬೆಸ್ಟಾಸ್ ಹಗ್ಗ ಕೊಡ್ತೀನಿ ತಗೊಳ್ಳಿ, ಬಾಯ್ಲರ್‌ಗೇ ಅದನ್ನ ಸುತ್ತೋದು" ಅಂದರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ಅದನ್ನು ಖಂಡಿತ ಮಾಡಬೇಡಿ. ಆಸ್ಬೆಸ್ಟಾಸ್ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ, ಕ್ಯಾನ್ಸರ್ ಬರಿಸುವ ವಸ್ತು ಅದು. ಅಲುಗಾಡುವ, ಗಾಳಿ ಹೊಡೆಯುವ ಬೈಕಿನ ಪೈಪಿನ ಮೇಲೆ ಅದು ಉದುರುತ್ತಲೇ ಇರುತ್ತದೆ.

3. ಏಪ್ರಿಲ್: ಪೈಪ್ ಬಿಚ್ಚಿದ್ದು

ಮೆಕ್ಯಾನಿಕ್ ಕೊಟ್ಟ ಇನ್ನೊಂದು ಸಲಹೆ ಮಾತ್ರ ಬಂಗಾರ. "ಒಳ್ಳೇ ಪೈಪಿಗೆ ಸುತ್ತಬೇಡಿ ಸಾರ್, ಒಳಗೇ ತುಕ್ಕು ಹಿಡಿಯುತ್ತೆ. ಮೂಲೇಲಿ ಹಳೇದೊಂದು ಬಿದ್ದಿದೆ, ಅದಕ್ಕೆ ಮಾಡ್ಕೊಳ್ಳಿ." ಕ್ರೋಮ್ ಎದ್ದು ಹೋದ ಬೆಂಡ್ ಪೈಪ್, 300 ರೂಪಾಯಿಗೆ ಕೊಟ್ಟರು. ತೂತು ಇದೆಯಾ ಅಂತ ಒಂದು ತುದಿಗೆ ಬಟ್ಟೆ ತುರುಕಿ, ಒಳಗೆ ನೀರು ತುಂಬಿ ನೋಡಿದೆ. ಸೋರಲಿಲ್ಲ.

ನನ್ನ ಗಾಡಿಯ ಪೈಪ್ ಬಿಚ್ಚುವಾಗ ಹೆಡ್ ಹತ್ತಿರದ ನಟ್‌ಗಳು ಅಲ್ಲಾಡಲಿಲ್ಲ. ಇಲ್ಲಿ ಜೋರು ಮಾಡಿದರೆ ನಟ್ ಕೂರುವ ಸ್ಟಡ್ಡೇ ಮುರಿದು ಹೆಡ್ ಒಳಗೆ ಉಳಿಯುತ್ತದೆ, ಆಮೇಲೆ ಲೇತ್ ಅಂಗಡಿಗೆ ಹೆಡ್ ಹೊತ್ತುಕೊಂಡು ಹೋಗಬೇಕು. ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟೆ. ಬೆಳಿಗ್ಗೆ ಎಂಜಿನ್ ಎರಡು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ, ರಿಂಗ್ ಸ್ಪ್ಯಾನರ್ ಹಾಕಿದೆ. ಕಾಲು ಸುತ್ತು ಬಿಚ್ಚು, ಅಷ್ಟೇ ವಾಪಸ್ ಬಿಗಿ ಮಾಡು, ಮತ್ತೆ ಸ್ವಲ್ಪ ಬಿಚ್ಚು. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಆಡಿಸುತ್ತಾ ಬಂತು. ಸೈಲೆನ್ಸರಿನ ಜಾಯಿಂಟ್ ಕ್ಲಾಂಪ್ ಸುಲಭ, ಸಡಿಲ ಮಾಡಿ ಪೈಪನ್ನು ಮುಂದಕ್ಕೆ ಎಳೆದರೆ ಆಯಿತು.

ಮೂಲ ಪೈಪಿಗೆ ಎಣ್ಣೆ ಸವರಿ, ಪೇಪರ್ ಸುತ್ತಿ ಅಟ್ಟಕ್ಕೆ ಹಾಕಿದೆ.

ಹಳೆಯದಕ್ಕೆ ವೈರ್ ಬ್ರಷ್, ಆಮೇಲೆ 80 ಮತ್ತು 120 ನಂಬರ್ ಎಮರಿ, ಥಿನ್ನರಿನಲ್ಲಿ ಒರೆಸುವುದು. ಉಳಿದಿದ್ದ ಹೀಟ್ ಪೇಂಟ್ ಎರಡು ಕೋಟ್. ಈ ಬಣ್ಣ ಗಾಳಿಗೆ ಒಣಗಿದರೆ ಸಾಲದು, ಬಿಸಿಗೆ ಬೇಯಬೇಕು. ಹಾಗಾಗಿ ರ‍್ಯಾಪ್ ಇಲ್ಲದೆ ಪೈಪ್ ಹಾಕಿ, ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಇಪ್ಪತ್ತು ನಿಮಿಷ ಓಡಿಸಿ, ಮತ್ತೆ ಆರಿಸಿ ಬಿಚ್ಚಿದೆ. ಬೇಸರದ ಕೆಲಸ. ಬಿಟ್ಟರೆ ಬಣ್ಣ ರ‍್ಯಾಪಿಗೆ ಅಂಟಿಕೊಂಡು ಎದ್ದು ಬರುತ್ತದೆ.

4. ಏಪ್ರಿಲ್: 1 ಇಂಚಿನ ಬಸಾಲ್ಟ್

ಬಸಾಲ್ಟ್ ಅಂದರೆ ಜ್ವಾಲಾಮುಖಿ ಕಲ್ಲು. ಅದನ್ನು ಕರಗಿಸಿ ಎಳೆ ತೆಗೆದು ನೇಯ್ದ ಪಟ್ಟಿ ಇದು. "ಟೈಟಾನಿಯಂ ರ‍್ಯಾಪ್", "ಲಾವಾ ರ‍್ಯಾಪ್" ಅಂತ ಮಾರುವುದು ಬಹುತೇಕ ಇದನ್ನೇ, ಕಂದು-ಹೊನ್ನಿನ ಬಣ್ಣ. ಗ್ಲಾಸ್ ಫೈಬರಿಗಿಂತ ಜಾಸ್ತಿ ಬಿಸಿ ತಡೆಯುತ್ತದೆ, ಎಳೆ ಉದುರುವುದು ಕಡಿಮೆ, ತುರಿಕೆಯೂ ಕಡಿಮೆ.

ಎಷ್ಟು ಉದ್ದ ಬೇಕು ಅಂತ ಈ ಸಲ ಲೆಕ್ಕ ಹಾಕಿಯೇ ತರಿಸಿದೆ. ಪೈಪ್ 38 ಮಿ.ಮೀ., ಅಂದರೆ ಸುತ್ತಳತೆ ಸುಮಾರು 120. ಪಟ್ಟಿ 25 ಮಿ.ಮೀ., ಒಂದರ ಮೇಲೊಂದು 6 ಮಿ.ಮೀ. ಕೂರಬೇಕು. ಹಾಗಾದರೆ ಒಂದು ಸುತ್ತಿಗೆ 19 ಮಿ.ಮೀ. ಮುಂದಕ್ಕೆ ಹೋಗುತ್ತದೆ. ಸುತ್ತಬೇಕಾದ ಪೈಪಿನ ಉದ್ದ 75 ಸೆಂ.ಮೀ., ಅದಕ್ಕೆ ಸುಮಾರು 40 ಸುತ್ತು. 40 ಸುತ್ತು ಅಂದರೆ 4.8 ಮೀಟರ್. ಓರೆ ಹೋಗುವುದು, ಎರಡು ತುದಿಯಲ್ಲಿ ಎರಡೆರಡು ಸುತ್ತು, ಬೆಂಡಿನಲ್ಲಿ ಒತ್ತಾಗಿ ಹಾಕುವುದು ಎಲ್ಲಾ ಸೇರಿದರೆ 6 ದಾಟುತ್ತದೆ. 5 ಮೀಟರ್ ಸುರುಳಿ ಸಾಲುವುದಿಲ್ಲ. 10 ಮೀಟರಿನದೇ ತರಿಸಿದೆ, 950 ರೂಪಾಯಿ.

ಕಿಟ್ ಜೊತೆ ಬರುವ ತೆಳು ಜಿಪ್ ಟೈ ಬಿಟ್ಟು ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಹೋಸ್ ಕ್ಲಿಪ್ ತಂದೆ. ಬಿಗಿ ಸಾಲದಿದ್ದರೆ ಸ್ಕ್ರೂ ತಿರುಗಿಸಿ ಮತ್ತೆ ಬಿಗಿ ಮಾಡಬಹುದು, ಅದೇ ಅನುಕೂಲ.

ಸುತ್ತುವ ದಿಕ್ಕು ಮುಖ್ಯ. ಸೈಲೆನ್ಸರ್ ತುದಿಯಿಂದ, ಅಂದರೆ ಕೆಳಗಿನಿಂದ ಶುರು ಮಾಡಿ ಹೆಡ್ ಕಡೆಗೆ ಹತ್ತಬೇಕು. ಹೆಂಚು ಹೊದಿಸಿದ ಹಾಗೆ, ಮೇಲಿನ ಸುತ್ತಿನ ಅಂಚು ಕೆಳಗಿನದರ ಮೇಲೆ ಬರಬೇಕು. ಆಗ ಮೇಲಿಂದ ಬಿದ್ದ ನೀರು ಜಾರಿ ಹೋಗುತ್ತದೆ, ಎದುರು ಗಾಳಿಗೂ ಅಂಚು ಏಳುವುದಿಲ್ಲ. ಹೆಡ್ ಕಡೆಯಿಂದ ಇಳಿಸುತ್ತಾ ಬಂದರೆ ಪ್ರತಿ ಅಂಚೂ ನೀರು ಹಿಡಿಯುವ ಜೇಬಾಗುತ್ತದೆ.

ಪಟ್ಟಿಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ. ಒದ್ದೆ ಪಟ್ಟಿ ಬೆಂಡಿಗೆ ಚೆನ್ನಾಗಿ ಬಗ್ಗುತ್ತದೆ, ಎಳೆಯೂ ಹಾರುವುದಿಲ್ಲ. ನೆನೆಸದೆ ಒಣಪಟ್ಟಿಯನ್ನೇ ಸುತ್ತಿ ಅಂತ ಹೇಳುವ ತಯಾರಕರೂ ಇದ್ದಾರೆ, ಡಬ್ಬಿಯ ಮೇಲೆ ಇರುವುದನ್ನು ಓದಿಕೊಳ್ಳಿ.

ಇದು ಇಬ್ಬರ ಕೆಲಸ. ನಾನು ಪೈಪನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸುವುದು, ಬಾಮೈದ ಸುರುಳಿ ಹಿಡಿದು ಎಳೆದುಕೊಂಡಿರುವುದು. ಪಟ್ಟಿಯನ್ನು ಪೈಪಿಗೆ ಸುತ್ತುವ ಬದಲು ಪೈಪನ್ನು ಪಟ್ಟಿಯೊಳಕ್ಕೆ ಸುತ್ತಬೇಕು, ಬಿಗಿ ಬರುವುದು ಹಾಗೆಯೇ.

"ಭಾವ, ಇನ್ನೂ ಎಳೀಬೇಕಾ? ಕೈ ನೋಯ್ತಾ ಇದೆ."

"ಬೆಂಡ್ ಮುಗಿಯೋವರೆಗೂ ಬಿಡಬೇಡ ಮಾರಾಯ."

ಬೆಂಡಿನಲ್ಲಿ ಒಳಮಗ್ಗುಲಿಗೆ ಅರ್ಧಕ್ಕರ್ಧ ಮೇಲೆ ಕೂರಿಸಿದರೆ ಹೊರಮಗ್ಗುಲಿಗೆ ಸರಿಯಾಗಿ 6 ಮಿ.ಮೀ. ಉಳಿಯುತ್ತದೆ. ಹೊರಮಗ್ಗುಲನ್ನೇ ನೋಡುತ್ತಾ ಸುತ್ತಿ, ಒಳಗಿನದು ತಾನಾಗಿ ಸರಿಹೋಗುತ್ತದೆ. ತುದಿಯನ್ನು ಒಳಕ್ಕೆ ಮಡಚಿ ಕ್ಲಿಪ್ ಹಾಕಿದೆ. ಕ್ಲಿಪ್‌ನ ಸ್ಕ್ರೂ ಎಂಜಿನ್ ಕಡೆಗೆ ಇರಬೇಕು. ಹೊರಗಿದ್ದರೆ ಪ್ಯಾಂಟು, ಸೀರೆ, ಚೂಡಿದಾರದ ದುಪ್ಪಟ್ಟ ಏನಾದರೂ ಸಿಕ್ಕಿಕೊಳ್ಳುತ್ತದೆ. ಒಂದು ದಿನ ಮಹಡಿಯ ಬಿಸಿಲಿನಲ್ಲಿ ಒಣಗಿಸಿದೆ. ಒಣಗಿದ ಮೇಲೆ ಪಟ್ಟಿ ಬಿಗಿಯಾಗಿ ಕೂತಿತ್ತು, ಬೆರಳಿನಲ್ಲಿ ತಳ್ಳಿದರೂ ಸರಿಯುತ್ತಿರಲಿಲ್ಲ.

ಹೆಡ್‌ನಿಂದ ಒಂದು ಇಂಚು ಜಾಗವನ್ನು ಸುತ್ತದೆ ಬಿಟ್ಟೆ, ನಟ್‌ಗೆ ಸ್ಪ್ಯಾನರ್ ಹೋಗಬೇಕಲ್ಲ. ಹಾಕುವಾಗ ಜಾಯಿಂಟಿನ ಸಂದು ಮುಚ್ಚುವ ಹಳೇ ಗ್ಯಾಸ್ಕೆಟ್ಟನ್ನೇ ಹಾಕಿದ್ದಕ್ಕೆ ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸಿಡಿಯಲು ಶುರುವಾಯಿತು. ಜಾಯಿಂಟಿನ ಸುತ್ತ ಕಪ್ಪು ಮಸಿ. ಹೊಸ ಗ್ಯಾಸ್ಕೆಟ್ 40 ರೂಪಾಯಿ, ಅದನ್ನು ಹಾಕಿದ ಮೇಲೆ ನಿಂತಿತು. ಪೈಪ್ ಬಿಚ್ಚುವ ಮೊದಲೇ ತಂದಿಟ್ಟುಕೊಳ್ಳಿ.

5. ಮೊದಲ ಬಿಸಿ, ಮತ್ತು ಅಂಕಿ

ಮೊದಲ ಸಲ ಬಿಸಿಯಾದಾಗ ಹೊಗೆ ಬರುತ್ತದೆ. ಎಳೆಯ ಮೇಲಿನ ಲೇಪ ಸುಟ್ಟು ಹೋಗುವ ಹೊಗೆ ಅದು, ಅರ್ಧ ಗಂಟೆಯಾದರೂ ಇರುತ್ತದೆ. ಮನೆ ಮುಂದೆ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೆ. ಹೆಂಡತಿ ಒಳಗಿಂದ ಓಡಿ ಬಂದು "ರೀ, ಗಾಡಿ ಹತ್ಕೊಂಡಿದೆ ನೋಡಿ" ಅಂದಳು. ಪಕ್ಕದ ಮನೆಯವರು ಬಕೆಟ್ ಹಿಡಿದುಕೊಂಡೇ ಬಂದಿದ್ದರು. ಊರಾಚೆ ಬಯಲಿನಲ್ಲಿ ಮಾಡುವುದು ಒಳ್ಳೆಯದು, ಆ ಹೊಗೆ ಕುಡಿಯುವುದಂತೂ ಬೇಡ.

ಹೊಗೆ ನಿಂತ ಮೇಲೆ ಅದೇ ಹತ್ತು ಕಿಲೋಮೀಟರ್, ಅದೇ ಐದು ನಿಮಿಷ ಐಡಲ್.

ಪೈಪಿನ ಮೇಲ್ಮೈ ಮೊದಲು 265, ಈಗ ರ‍್ಯಾಪ್ ಮೇಲೆ 140. ಕಾಲಿನ ಹತ್ತಿರ ಮೊದಲು 58, ಈಗ 51.

140 ಅಂದರೆ ಈಗಲೂ ಸುಡುತ್ತದೆ. ಆದರೆ ಕಬ್ಬಿಣ ಸುಟ್ಟ ಹಾಗೆ ತಕ್ಷಣ ಅಲ್ಲ. ಲೋಹ ಒಳಗಿನ ಬಿಸಿಯನ್ನು ಚರ್ಮಕ್ಕೆ ಸರ್ರನೆ ಕೊಡುತ್ತದೆ, ಈ ಬಟ್ಟೆ ನಿಧಾನಕ್ಕೆ ಕೊಡುತ್ತದೆ. ತಾಗಿತು ಅಂತ ಕಾಲು ಎಳೆದುಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಬೊಬ್ಬೆ ವಿಷಯಕ್ಕೆ ರ‍್ಯಾಪ್ ಗೆದ್ದಿತು.

ಕಾಲಿನ ಬಿಸಿಯಲ್ಲಿ 7 ಡಿಗ್ರಿ ಮಾತ್ರ ಇಳಿದದ್ದಕ್ಕೆ ಬೇಜಾರಾಯಿತು. ಸಿಗ್ನಲ್ಲಿನಲ್ಲಿ ವ್ಯತ್ಯಾಸ ಗೊತ್ತಾಗುತ್ತಿತ್ತು, ಆದರೆ ಅಂದುಕೊಂಡಷ್ಟಲ್ಲ. ಉಳಿದ ಬಿಸಿ ಎಲ್ಲಿಂದ? ಐಡಲ್ ಬಿಟ್ಟು ಕೂತಿದ್ದಾಗ ಒಂದು ಪ್ಲೈವುಡ್ ತುಂಡನ್ನು ಸಿಲಿಂಡರಿಗೂ ಕಾಲಿಗೂ ಮಧ್ಯೆ ಅಡ್ಡ ಹಿಡಿದೆ. ಎರಡೇ ನಿಮಿಷಕ್ಕೆ ಮೀಟರ್ 43ಕ್ಕೆ ಇಳಿಯಿತು. ಅಲ್ಲಿಗೆ ಗೊತ್ತಾಯಿತು. ಗಾಳಿಯಿಂದಲೇ ತಣ್ಣಗಾಗುವ (ಏರ್ ಕೂಲ್ಡ್) ಎಂಜಿನ್ನಿನ ಕೆಲಸವೇ ಸಿಲಿಂಡರಿನ ಸುತ್ತ ಇರುವ ರೆಕ್ಕೆಯಂಥ ಫಿನ್‌ಗಳಿಂದ ಬಿಸಿಯನ್ನು ಹೊರಕ್ಕೆ ಹಾಕುವುದು. ನಿಂತಾಗ ಆ ಬಿಸಿ ನೇರ ನಮ್ಮ ಕಾಲಿಗೇ ಬರುತ್ತದೆ. ಪೈಪಿಗೆ ಏನು ಸುತ್ತಿದರೂ ಅದು ಕಡಿಮೆಯಾಗುವುದಿಲ್ಲ. ಫಿನ್‌ಗೆ ಅಡ್ಡ ಏನನ್ನಾದರೂ ಖಾಯಂ ಕಟ್ಟಿದರೆ ಎಂಜಿನ್ನೇ ಕಾಯುತ್ತದೆ, ಆ ಯೋಚನೆ ಬೇಡ.

ಇನ್ನೊಂದು ಬದಲಾವಣೆ. ಪೈಪಿನಲ್ಲಿ ಹೊರಗೆ ಹೋಗದ ಬಿಸಿ ಗ್ಯಾಸಿನ ಜೊತೆ ಮುಂದಕ್ಕೆ ಹೋಗುತ್ತದೆ. ಸೈಲೆನ್ಸರಿನ ಮುಂದಿನ ಭಾಗ, ಅಂದರೆ ಹಿಂದೆ ಕೂರುವವರ ಪಾದದ ಹತ್ತಿರ, ಮೊದಲಿಗಿಂತ 15-20 ಡಿಗ್ರಿ ಜಾಸ್ತಿ ತೋರಿಸಿತು. ಅಲ್ಲೂ ಕಪ್ಪು ಚುಕ್ಕೆ ಹಾಕಿಯೇ ನೋಡಿದ್ದು. ಚಪ್ಪಲಿ ಹಾಕಿಕೊಂಡು ಹಿಂದೆ ಕೂರುವವರು ಇದ್ದರೆ ಇದನ್ನು ಗಮನಿಸಿ.

ಪಿಕಪ್, ಮೈಲೇಜ್ ಎರಡರಲ್ಲೂ ಏನೂ ವ್ಯತ್ಯಾಸ ಕಾಣಲಿಲ್ಲ. ಶಬ್ದ ಸ್ವಲ್ಪ ದಪ್ಪವಾದ ಹಾಗೆ ಅನ್ನಿಸಿತು, ಅದು ಕಿವಿಯ ಆಸೆಯೂ ಇರಬಹುದು.

6. ಮೇಯಿಂದ ಆಗಸ್ಟ್

ಮೇ ತಿಂಗಳು ಪೂರ್ತಿ ತೊಂದರೆ ಇಲ್ಲ. ಮೊದಲ ವಾರ ಮಾತ್ರ ಕ್ಲಿಪ್‌ಗಳನ್ನು ಅರ್ಧ ಸುತ್ತು ಮತ್ತೆ ಬಿಗಿ ಮಾಡಬೇಕಾಯಿತು.

ಜೂನ್‌ನಲ್ಲಿ ಹೆಡ್ ಮೇಲಿನ ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗಲು ಶುರುವಾಯಿತು. ಹಳೇ ಬುಲೆಟ್ ಇಟ್ಟವರಿಗೆ ಇದು ಹೊಸದಲ್ಲ, ಒರೆಸಿಕೊಂಡು ಓಡಿಸುತ್ತೇವೆ. ಆದರೆ ಪೈಪಿಗೆ ರ‍್ಯಾಪ್ ಇದ್ದಾಗ ಹಾಗೆ ಬಿಡುವಂತಿಲ್ಲ. ಬರಿಯ ಪೈಪಿನ ಮೇಲೆ ಬಿದ್ದ ಹನಿ ಹೊಗೆಯಾಗಿ ಹೋಗುತ್ತದೆ. ಬಟ್ಟೆಯ ಮೇಲೆ ಬಿದ್ದದ್ದು ಒಳಕ್ಕೆ ಇಂಗಿ ಕೂರುತ್ತದೆ, ಅದು ಹೊತ್ತಿಕೊಳ್ಳಬಹುದು. ಕಾರ್ಬ್ಯುರೇಟರ್ ಓವರ್‌ಫ್ಲೋ ಆಗುವ ಗಾಡಿಗೂ ಇದೇ ಮಾತು. ಹೆಡ್ ಹತ್ತಿರ ಒಂದು ಅಂಗೈಯಷ್ಟು ಜಾಗದಲ್ಲಿ ಪಟ್ಟಿ ಕಪ್ಪಾಗಿ ಗಟ್ಟಿಯಾಗಿತ್ತು. ಅಷ್ಟನ್ನು ಬಿಚ್ಚಿ ಕತ್ತರಿಸಿ ಉಳಿದ ಪಟ್ಟಿಯಿಂದ ಹೊಸದು ಸುತ್ತಿ, ಕವರಿನ ಗ್ಯಾಸ್ಕೆಟ್ ಬದಲಿಸಿಯೇ ಗಾಡಿ ತೆಗೆದೆ. ಲೀಕ್ ಇರುವ ಗಾಡಿಗೆ ಮೊದಲು ಲೀಕ್ ರಿಪೇರಿ, ರ‍್ಯಾಪ್ ಆಮೇಲೆ.

ವಾಟರ್ ಸರ್ವಿಸ್ ಹುಡುಗ ಪ್ರೆಷರ್ ಗನ್ನನ್ನು ನೇರ ಪೈಪಿಗೆ ಹಿಡಿದ. ಕೆಳಗಿನ ಸುತ್ತುಗಳ ಅಂಚು ಬಿಚ್ಚಿ ದಾರ ದಾರವಾಯಿತು. ಅಂದಿನಿಂದ ಗಾಡಿ ತೊಳೆಯುವುದು ಮನೆಯಲ್ಲೇ, ಮಗ್ಗಿನಲ್ಲಿ.

7. ಮಳೆ

ನಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸಿರಾ ಕಡೆಯಿಂದ ಒಂದು ಸಂಜೆ ಪೂರ್ತಿ ನೆನೆದುಕೊಂಡು ಬಂದೆ. ದಾರಿಯುದ್ದಕ್ಕೂ ಪೈಪಿನಿಂದ ಹಬೆ. ಓಡುತ್ತಿದ್ದರೆ ಬಿಸಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಿಂದ ತೊಂದರೆ ಇಲ್ಲ. ತೊಂದರೆ ನಿಲ್ಲಿಸಿದಾಗ. ಕೆಲಸದ ಜಾಗದಲ್ಲಿ ನಮ್ಮ ಗಾಡಿಗಳಿಗೆ ಶೆಡ್ ಇಲ್ಲ. ಎಂಟು ಗಂಟೆ ಮಳೆಯಲ್ಲಿ ತಣ್ಣಗೆ ನಿಂತ ಪೈಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತದೆ. ಮುಂದಿನ ಚಕ್ರ ಎರಚಿದ ಕೆಸರು ಕೆಳಗಿನ ಭಾಗಕ್ಕೆ ಮೆತ್ತಿಕೊಂಡರೆ ಮಾರನೇ ದಿನವೂ ಆರುವುದಿಲ್ಲ.

ನವೆಂಬರ್‌ನಲ್ಲಿ ಕ್ಲಿಪ್ ಸಡಿಲ ಮಾಡಿ ಪಟ್ಟಿ ಬಿಚ್ಚಿದೆ. ಮೇಲಿನ ಅರ್ಧ, ಅಂದರೆ ಹೆಡ್‌ನಿಂದ ಬೆಂಡ್‌ವರೆಗೆ, ಬಣ್ಣ ಇನ್ನೂ ನಿಂತಿತ್ತು, ಅಲ್ಲಲ್ಲಿ ಮಾತ್ರ ಕಂದು ಚುಕ್ಕೆ. ಕೆಳಗೆ ಫುಟ್‌ರೆಸ್ಟ್ ಹತ್ತಿರ ಪೈಪ್ ಅಡ್ಡ ಹೋಗುವ ಜಾಗದಲ್ಲಿ ಬಣ್ಣದ ಗುರುತೇ ಇಲ್ಲ. ಪಟ್ಟಿಯ ಜೊತೆ ತುಕ್ಕು ಹಪ್ಪಳೆ ಹಪ್ಪಳೆಯಾಗಿ ಎದ್ದು ಬಂತು. ಪಟ್ಟಿಯ ನೇಯ್ಗೆಯ ಗುರುತು ಕಬ್ಬಿಣದ ಮೇಲೆ ಚೌಕ ಚೌಕವಾಗಿ ಅಚ್ಚು ಬಿದ್ದಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ತೂತು ಬಿದ್ದಿರಲಿಲ್ಲ, ಇನ್ನೊಂದು ಮಳೆಗಾಲಕ್ಕೆ ಬೀಳುತ್ತಿತ್ತು. ಇದು ತುಮಕೂರಿನ ಮಳೆಗೆ. ಮಲೆನಾಡಿನ ಕಡೆಯವರು ಯೋಚಿಸಿಕೊಳ್ಳಿ.

ಮೂಲ ಪೈಪ್ ಅಟ್ಟದ ಮೇಲಿತ್ತು ಅನ್ನುವುದೊಂದೇ ಸಮಾಧಾನ.

8. ನವೆಂಬರ್: ತಗಡು

ಹಳೇ ಅಂಕಿಗಳನ್ನು ನೋಡುತ್ತಾ ಕೂತಾಗ ಅನ್ನಿಸಿತು. ಕಾಲಿಗೆ ಎದುರಾಗಿ ಇರುವುದು ಪೈಪಿನ ಒಂದು ಅಡಿಯಷ್ಟೇ. ಅಷ್ಟಕ್ಕೆ 75 ಸೆಂ.ಮೀ. ಪೂರ್ತಿ ಯಾಕೆ ಸುತ್ತಬೇಕು? ಎಷ್ಟೋ ಗಾಡಿಗಳಿಗೆ ಕಂಪನಿಯಿಂದಲೇ ಸೈಲೆನ್ಸರಿಗೆ ಗಾರ್ಡ್ ಬರುತ್ತದೆ, ಅದನ್ನೇ ಬೆಂಡ್ ಪೈಪಿಗೆ ಮಾಡಿದರಾಯಿತು.

ಅಂತರಸನಹಳ್ಳಿ ಕಡೆಯ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ 1 ಮಿ.ಮೀ. ಸ್ಟೇನ್‌ಲೆಸ್ ಶೀಟಿನ ಕಟಿಂಗ್ ಪೀಸ್ ಸಿಕ್ಕಿತು. 30 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಪೈಪಿಗೆ ಹಿಡಿದು, ಬ್ರೇಕ್ ಪೆಡಲಿಗೆ ತಾಗದ ಹಾಗೆ ಮೂಲೆ ಕೊಯ್ದು ಕೊಂಡುಹೋಗಿದ್ದೆ. ಅಲ್ಲಿ 60 ಮಿ.ಮೀ. ಪೈಪಿನ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದರು. ಹಿಂಭಾಗಕ್ಕೆ ಎರಡು ಕಡೆ ಸಣ್ಣ ಪಟ್ಟಿ ವೆಲ್ಡ್ ಮಾಡಿಸಿದೆ. ಪ್ರತಿ ಪಟ್ಟಿಗೂ ಹೋಸ್ ಕ್ಲಿಪ್ ತೂರುವಷ್ಟು ಸೀಳು. ಆ ಪಟ್ಟಿಯ ಎತ್ತರ 10 ಮಿ.ಮೀ., ಹಾಗಾಗಿ ತಗಡಿಗೂ ಪೈಪಿಗೂ ಮಧ್ಯೆ 10 ಮಿ.ಮೀ. ಗಾಳಿ ಓಡಾಡುತ್ತದೆ. ಈ ಸಂದು ಇಲ್ಲದಿದ್ದರೆ ತಗಡೂ ಪೈಪಿನಷ್ಟೇ ಕಾಯುತ್ತದೆ. ಅಂಚುಗಳನ್ನು ಫೈಲ್ ಹಾಕಿ ಮೊಂಡು ಮಾಡಿಸಿ, ಇಲ್ಲದಿದ್ದರೆ ಕಾಲು ಕೊಯ್ಯುತ್ತದೆ. ಕೂಲಿ ಸೇರಿ 400 ರೂಪಾಯಿ.

ಅಟ್ಟದ ಮೂಲ ಪೈಪ್ ವಾಪಸ್ ಹಾಕಿ, ರ‍್ಯಾಪ್ ಇಲ್ಲದೆ, ತಗಡು ಮಾತ್ರ ಕಟ್ಟಿ ನೋಡಿದೆ. ನವೆಂಬರಿನಲ್ಲಿ ಗಾಳಿ 33 ಸಿಗುವುದಿಲ್ಲ. 28 ಇತ್ತು, ಆ 5 ಡಿಗ್ರಿಯನ್ನು ಕೂಡಿಸಿಕೊಂಡು ಲೆಕ್ಕ ಹಾಕಿದ್ದೇನೆ, ಇಷ್ಟು ಮಟ್ಟಿಗೆ ಇದು ಅಂದಾಜು. ತಗಡಿನ ಹೊರಮೈ 75, ಕಾಲಿನ ಹತ್ತಿರ 49. ಹಳೇ ಪೈಪಿಗೆ ಹೊಸದಾಗಿ ಪಟ್ಟಿ ಸುತ್ತಿ, ಮೇಲೆ ತಗಡೂ ಕಟ್ಟಿದಾಗ 48. ಒಂದು ಡಿಗ್ರಿಗಾಗಿ ಇನ್ನೊಂದು ಪೈಪ್ ಕೊಳೆಸುವುದು ಬೇಡ ಅಂತ ರ‍್ಯಾಪ್ ತೆಗೆದಿಟ್ಟೆ.

ಆದರೂ ರ‍್ಯಾಪ್ ಯಾರಿಗೂ ಬೇಡ ಅಂತ ಹೇಳುವುದಿಲ್ಲ. ಸ್ಟೇನ್‌ಲೆಸ್ ಪೈಪ್ ಇದ್ದು, ಗಾಡಿ ಮಳೆ ಬೀಳದ ಕಡೆ ನಿಲ್ಲುವುದಾದರೆ, ಪೈಪ್ ಕಾಲಿಗೆ ಬಹಳ ಹತ್ತಿರ ಸುತ್ತಿಬಳಸಿ ಹೋಗುವುದಾದರೆ ಸುತ್ತಿಕೊಳ್ಳಿ. ಸ್ಟೀಲಿಗೂ ಆಗಾಗ ಬಿಚ್ಚಿ ನೋಡುವುದು ಒಳ್ಳೆಯದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಗಾಡಿಗಳಿಗೆ ಮಾತ್ರ ಹುಷಾರು. ಅವುಗಳಲ್ಲಿ ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತವೆ. ಕನ್ವರ್ಟರ್ ಮೊದಲೇ ಬಹಳ ಬಿಸಿಯಾಗಿ ಕೆಲಸ ಮಾಡುವ ಭಾಗ, ಅದರ ಮೇಲೆ ಸುತ್ತಿದರೆ ಅದೇ ಸುಟ್ಟು ಹೋಗಬಹುದು. ಸೆನ್ಸರನ್ನೂ ಅದರ ವೈರನ್ನೂ ಪಟ್ಟಿಯಿಂದ ಹೊರಗೆ ಬಿಡಬೇಕು.

ತಗಡು ಕಟ್ಟಿದ ಮೊದಲ ವಾರ ಒಂದು ಕಿರಿಕಿರಿ. 60ರ ಆಸುಪಾಸಿನಲ್ಲಿ ಝರ್ ಅಂತ ನಡುಗುವ ಸದ್ದು. ಕ್ಲಿಪ್ ಎಷ್ಟು ಬಿಗಿ ಮಾಡಿದರೂ ಹೋಗಲಿಲ್ಲ. ಕೊನೆಗೆ ಉಳಿದ ಬಸಾಲ್ಟ್ ಪಟ್ಟಿಯಿಂದ ಎರಡು ಇಂಚಿನ ತುಂಡು ಕತ್ತರಿಸಿ, ವೆಲ್ಡ್ ಮಾಡಿದ ಪಟ್ಟಿಗೂ ಪೈಪಿಗೂ ಮಧ್ಯೆ ಇಟ್ಟು ಬಿಗಿ ಮಾಡಿದೆ. ಸದ್ದು ನಿಂತಿತು. ಆ ಎರಡು ಜಾಗದಲ್ಲಿ ನೀರು ಕೂರುತ್ತದೋ ಏನೋ, ಮುಂದಿನ ಮಳೆ ಮುಗಿದ ಮೇಲೆ ಬಿಚ್ಚಿ ನೋಡಬೇಕು.

ಖರ್ಚು

2 ಇಂಚಿನ ಕಿಟ್ 450, ದಂಡ. ಬಸಾಲ್ಟ್ ಪಟ್ಟಿ 950. ಹಳೇ ಬೆಂಡ್ ಪೈಪ್ 300. ಹೀಟ್ ಪೇಂಟ್ 350. ಥರ್ಮೋಕಪಲ್ ವೈರ್ 250. ಹೋಸ್ ಕ್ಲಿಪ್‌ಗಳು 120. ಸೈಲೆನ್ಸರ್ ಗ್ಯಾಸ್ಕೆಟ್ 80, ಎರಡು ಸಲ ಬಿಚ್ಚಿ ಹಾಕಿದ್ದಕ್ಕೆ. ತಗಡು 400. ಒಟ್ಟು 2,900. ತಗಡು, ಕ್ಲಿಪ್ ಮಾತ್ರ ಹಾಕಿಸುವವರಿಗೆ 500 ಒಳಗೆ ಮುಗಿಯುತ್ತದೆ, ಅದಕ್ಕೆ ಪೈಪ್ ಬಿಚ್ಚುವ ಕೆಲಸವೂ ಇಲ್ಲ. ಕಟ್ಟಿದ ಮೇಲೆ ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿ, ತಗಡಿಗೆ ತಾಗುತ್ತದಾ ಅಂತ ನೋಡಿಯೇ ರಸ್ತೆಗೆ ತೆಗೆಯಿರಿ.